ಕೆಎ-02 ಬೈಕು, ಒಂದು ಕ್ಯಾಮರಾ, 14 ಸಾವಿರ ಅಡಿ!

ಹಿಮದ ಮೇಲೆ ನಾಯಕ ಅರ್ಧ ತೋಳಿನ ಶರಟು ತೊಟ್ಟು ಕುಣಿಯುತ್ತಾನೆ. ನಾಯಕಿಗೆ ಗಾಳಿಗೆ ಹಾರುವ ತೆಳು ಸೀರೆ. ಇಬ್ಬರಿಗೂ ನೆಗಡಿ ಇಲ್ಲ, ಕೆಮ್ಮಿಲ್ಲ, ಏದುಸಿರು ಮೊದಲೇ ಇಲ್ಲ! ನವರಂಗ್ ಟಾಕೀಸಿನಲ್ಲಿ ಕೂತು ಅಂಥ ಹಾಡುಗಳಿಗೆ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಈಗ ಕ್ಯಾಮರಾ ಹಿಡಿದು ಹೊಟ್ಟೆ ಹೊರೆಯುವವನಾದ ಮೇಲೆ ನನ್ನ ಕಣ್ಣು ಚೌಕಟ್ಟಿನ ಆಚೆಗೆ ಹೋಗುತ್ತೆ. ಅಲ್ಲಿ ರಗ್ಗು ಹಿಡಿದು ನಿಂತ ಹುಡುಗ, ಬಿಸಿನೀರಿನ ಫ್ಲಾಸ್ಕು, ಹೀಟರು ಹಾಕಿದ ವ್ಯಾನು... ಅದ್ಯಾವುದೂ ಇಲ್ಲದೆ ಒಬ್ಬನೇ ಒಬ್ಬ ಅಲ್ಲಿಗೆ ಹೋದರೆ?

2023ರ ಸೆಪ್ಟೆಂಬರಿನಲ್ಲಿ ಹೋದೆ. ರಾಜಾಜಿನಗರದಿಂದ ಲಡಾಖಿನ ಹಾನ್ಲೆಗೆ. ಯಶವಂತಪುರದಲ್ಲಿ ಬೈಕಿಗೆ ಗೋಣಿಚೀಲ ಸುತ್ತಿ ಪಾರ್ಸೆಲ್ ಮಾಡಿ ಚಂಡೀಗಢಕ್ಕೆ ರೈಲು. ಅಲ್ಲಿಂದ ಮುಂದೆ ಎರಡು ಚಕ್ರ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಸಂಬಳದ ಕೆಲಸ ಯಾರು ಕೊಡ್ತಾರೆ ಹೇಳಿ? ಮದುವೆ ಮನೆ, ಸಿನಿಮಾ ಮುಹೂರ್ತ ಅಂತ ಎರಡು ವರ್ಷ ಫೋಟೋ ಹೊಡೆದು ಉಳಿಸಿದ ದುಡ್ಡು ಜೇಬಿನಲ್ಲಿತ್ತು. "ಜೊತೆಗೆ ಯಾರಪ್ಪಾ?" ಅಂದರು ಅಮ್ಮ. "ಕ್ಯಾಮರಾ" ಅಂದೆ. ಅಮ್ಮ ನಗಲಿಲ್ಲ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೇನೆ ಅಂತ ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡೇ ಬಿಟ್ಟರು.

ಲಡಾಖ್ ಸಿನಿಮಾದವರಿಗೆ ಹೊಸದೇನಲ್ಲ. 1962ರ ಚೀನಾ ಯುದ್ಧದ ಕಥೆಯನ್ನು ಚೇತನ್ ಆನಂದ್ ಅಲ್ಲಿಗೇ ಹೋಗಿ ಕಪ್ಪು ಬಿಳುಪಿನಲ್ಲಿ ತೆಗೆದರು. ಅದೇ 1964ರ 'ಹಕೀಕತ್'. ಆಮೇಲೆ 2009ರಲ್ಲಿ 'ತ್ರೀ ಈಡಿಯಟ್ಸ್' ಬಂತು. ಅದರ ಕೊನೆ ದೃಶ್ಯ ತೆಗೆದ ಪ್ಯಾಂಗಾಂಗ್ ಸರೋವರದ ದಡದಲ್ಲಿ ಈಗ ಹಳದಿ ಸ್ಕೂಟರು ನಿಲ್ಲಿಸಿಕೊಂಡು, ಕಾಸು ಇಸಕೊಂಡು, ಅದರ ಮೇಲೆ ಕೂರಿಸಿ ಫೋಟೋ ತೆಗೆಸುವ ವ್ಯಾಪಾರ. ನೀರಿನ ನೀಲಿ ಚೆಂದವೇ. ಆದರೆ ಅದನ್ನು ತೆಗೆಯಲು ರಾಜಾಜಿನಗರದಿಂದ ನಾನೇ ಹೋಗಬೇಕಾಗಿಲ್ಲ, ದಿನಕ್ಕೆ ಸಾವಿರ ಜನ ತೆಗೀತಾರೆ.

ಹಾನ್ಲೆಯ ಮಾತು ಬೇರೆ. ಅಲ್ಲಿನ ಬೆಟ್ಟದ ನೆತ್ತಿಯಲ್ಲಿ, 14,700 ಅಡಿ ಎತ್ತರದಲ್ಲಿ, ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ದೂರದರ್ಶಕವಿದೆ. 2 ಮೀಟರ್ ಅಗಲದ ಕನ್ನಡಿ. 2000ನೇ ಇಸವಿಯಲ್ಲಿ ಮೊದಲ ಬೆಳಕು ಕಂಡಿತು. ಹೆಸರು ವಿಜ್ಞಾನಿ ಚಂದ್ರಶೇಖರ್ ಅವರದು. ಮಜಾ ಏನಪ್ಪಾ ಅಂದರೆ, ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ! ಇಲ್ಲಿ ಕೂತವರು ಉಪಗ್ರಹದ ಮೂಲಕ ಹೇಳಿದ ಕಡೆಗೆ ಅದು ಅಲ್ಲಿ ತಿರುಗುತ್ತೆ. 2022ರ ಡಿಸೆಂಬರಿನಲ್ಲಿ ಸುತ್ತಲ ಹಳ್ಳಿಗಳನ್ನೂ ಸೇರಿಸಿ ಅಲ್ಲಿನ ಕತ್ತಲನ್ನೇ ಕಾಪಾಡಬೇಕೆಂದು ಸರ್ಕಾರ ಘೋಷಿಸಿತು. ಕಾಡು ಕಾಯುವವರನ್ನು ಕಂಡಿದ್ದೇವೆ, ಕತ್ತಲು ಕಾಯುವವರನ್ನು ಕಂಡಿದ್ದೀರಾ? ನಮ್ಮ ತಾರಸಿ ಮೇಲೆ ನಿಂತರೆ ಬೀದಿದೀಪದ ಬೆಳಕಿನಲ್ಲಿ ಹತ್ತು ಚುಕ್ಕೆ ಕಂಡರೆ ಪುಣ್ಯ.

ಆಕಾಶಗಂಗೆಯನ್ನು ತೆಗೆಯಬೇಕಾದರೆ ಚಂದ್ರ ಇರಕೂಡದು. ಪಂಚಾಂಗ ನೋಡಿದೆ. ಸೆಪ್ಟೆಂಬರ್ 14 ಅಮಾವಾಸ್ಯೆ, 18 ಗಣೇಶನ ಹಬ್ಬ. ಚೌತಿ ಚಂದ್ರನನ್ನು ನೋಡಬಾರದು ಅಂತಾರೆ ಹಿರಿಯರು. ನನಗೆ ಯಾವ ಚಂದ್ರನೂ ಬೇಡವಾಗಿತ್ತು! ಅಮಾವಾಸ್ಯೆಗೆ ಹಾನ್ಲೆಯಲ್ಲಿರಬೇಕು, ಅದಕ್ಕೆ ತಕ್ಕಂತೆ ದಾರಿಯ ಲೆಕ್ಕ.

ಆ ವರ್ಷದ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿಯ ಹೆದ್ದಾರಿಯನ್ನು ಅಲ್ಲಲ್ಲಿ ಅರ್ಧಕ್ಕೇ ಕಚ್ಚಿಕೊಂಡು ಹೋಗಿತ್ತು. ಉಳಿದರ್ಧದ ಮೇಲೆ ಬಸ್ಸು, ಲಾರಿ, ನಾನು. ಮನಾಲಿ ದಾಟಿದರೆ 2020ರಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ. ಈ ಬಾಯಲ್ಲಿ ದೇವದಾರು ಮರಗಳ ಹಸಿರು, ಆ ಬಾಯಲ್ಲಿ ಬೋಳು ಬೆಟ್ಟ, ಒಣ ಗಾಳಿ. ರೀಲು ಬದಲಾದ ಹಾಗೆ! ಮುಂದೆ ಟಾಂಡಿಯ ಪೆಟ್ರೋಲ್ ಪಂಪು. ಮುಂದಿನ ಪಂಪು 365 ಕಿಲೋಮೀಟರ್ ಅಂತ ಬೋರ್ಡು ಹಾಕಿಕೊಂಡೇ ಹೆಸರಾದ ಜಾಗ ಅದು. ಎರಡು ಕ್ಯಾನು ತುಂಬಿಸಿ ಕಟ್ಟಿಕೊಂಡೆ.

ಜಿಸ್ಪಾ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ಸುಮ್ಮನೆ ಬಿದ್ದುಕೊಂಡೆ. ಎತ್ತರ ಸುಮಾರು 10,500 ಅಡಿ. ಗಾಳಿ ತೆಳುವಾಗುತ್ತಾ ಹೋದಂತೆ ಮೈಗೆ ಅಭ್ಯಾಸ ಮಾಡಿಕೊಳ್ಳಲು ವ್ಯವಧಾನ ಬೇಕು. ಎಂಥ ಪೈಲ್ವಾನನಾದರೂ ಅಷ್ಟೇ. ನೀರು ಕುಡಿದೆ, ಲೆನ್ಸು ಒರೆಸಿದೆ, ನದಿ ನೋಡಿದೆ.

ಸರ್ಚುವಿನಲ್ಲಿ ಕೆಂಗೇರಿ

12ನೇ ತಾರೀಖು ಬಾರಾಲಾಚಾ ಕಣಿವೆ ಏರಿಳಿದು ಮಧ್ಯಾಹ್ನ ಸರ್ಚು ಮುಟ್ಟಿದೆ. ಹಿಮಾಚಲ ಮುಗಿದು ಲಡಾಖ್ ಶುರುವಾಗುವ ಬಯಲು. 14 ಸಾವಿರ ಅಡಿ, ಅಂದರೆ ಹತ್ತಿರ ಹತ್ತಿರ ಮೂರು ನಂದಿಬೆಟ್ಟ ಒಂದರ ಮೇಲೊಂದು. ಊರಿಲ್ಲ, ಮರವಿಲ್ಲ, ಸಾಲಾಗಿ ಡೇರೆ ಹೋಟೆಲುಗಳು. ಚಹಾ ಕುಡಿದು ಮುಂದೆ ಹೋಗುವ ಅಂತ ನಿಧಾನ ಮಾಡಿದೆ, ಒಂದು ಡೇರೆಯ ಮುಂದಿದ್ದ ಬೈಕಿನ ನಂಬರು ಕಣ್ಣಿಗೆ ಬಿತ್ತು. ಕೆಎ-41! ಕೆಂಗೇರಿ ಕಡೆಯ ನಂಬರು. ನನ್ನದು ಕೆಎ-02, ರಾಜಾಜಿನಗರ ಆರ್‌ಟಿಓ. ಮಧ್ಯೆ ಇರುವುದು ವಿಜಯನಗರ, ನಾಯಂಡಹಳ್ಳಿ ಅಷ್ಟೇ! ಆ ಬೋಳು ಬಯಲಿನಲ್ಲಿ ಎಷ್ಟು ಖುಷಿಯಾಯಿತು ಅಂತೀರಿ.

"ಯಾರ್ ಗುರೂ ಇಲ್ಲಿ ಕೆಂಗೇರಿಯವ್ರು?" ಅಂತ ಕೂಗುತ್ತಾ ಪರದೆ ಸರಿಸಿದೆ. ಉತ್ತರವಾಗಿ ಬಂದದ್ದು ಕೆಮ್ಮು.

ಇಪ್ಪತ್ತೆರಡರ ಹುಡುಗ, ಮೂರು ರಗ್ಗಿನ ಕೆಳಗೆ ಗೋಡೆಗೊರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಂತೆ. ತುಟಿ ನೇರಳೆ ಬಣ್ಣ. ಉಸಿರೆಳೆದರೆ ಎದೆಯೊಳಗೆ ಗೊಳಗೊಳ ಸದ್ದು. ಹಿಂದಿನ ದಿನ ಬೆಳಿಗ್ಗೆ 6,700 ಅಡಿಯ ಮನಾಲಿ ಬಿಟ್ಟವನು ಎಲ್ಲೂ ನಿಲ್ಲದೆ ರಾತ್ರಿಗೆ ಸರ್ಚು ಸೇರಿದ್ದ. ಒಬ್ಬನೇ. ಮೊಬೈಲಿನಲ್ಲಿ ದಾರಿಯುದ್ದಕ್ಕೂ ವಿಡಿಯೋ ತೆಗೆದಿದ್ದ, ಹಿಂದೆ ಹಾಡು ಹಾಕುವುದೊಂದು ಬಾಕಿ.

"ಇನ್ನೊಂದ್ ರಾತ್ರಿ ಮಲಗಿದ್ರೆ ಸರಿಹೋಗುತ್ತೆ ಅಣ್ಣಾ... ನಾಳೆ ಪ್ಯಾಂಗಾಂಗ್‌ಗೆ..." ಮಾತು ಪೂರ್ತಿ ಮಾಡಲಿಕ್ಕೂ ಗಾಳಿ ಸಾಲದು.

ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟದ ಐದರಲ್ಲಿ ಮೂರು ಪಾಲು ಮಾತ್ರ. ಅವಸರದಲ್ಲಿ ಏರಿದರೆ ಕೆಲವರಿಗೆ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುತ್ತೆ. ಗುಳಿಗೆ ನುಂಗಿ ಮಲಗಿ ಕಳೆಯುವ ಕಾಯಿಲೆ ಅದಲ್ಲ. ಆಮ್ಲಜನಕ ಕೊಡಬೇಕು, ಕೆಳಗೆ ಇಳಿಸಬೇಕು, ಅದೂ ಆಗಿಂದಾಗಲೇ. ಆದರೆ ಸರ್ಚು ಅನ್ನೋದು ಬೋನು ಕಣ್ರೀ! ಲೇಹ್ ಕಡೆ ಹೋಗಬೇಕಾದರೆ ಮೊದಲು ಇನ್ನೂ ಎತ್ತರದ ಕಣಿವೆಗಳನ್ನು ಹತ್ತಬೇಕು. ವಾಪಸ್ ಹೋದರೆ ಬಾರಾಲಾಚಾ, 16 ಸಾವಿರ ಅಡಿ. ಇಳಿಯಬೇಕಾದರೂ ಹತ್ತಲೇಬೇಕು.

ಡೇರೆಯ ದೀದಿ ನನ್ನ ಮುಖ ನೋಡಿದರು. ನನ್ನ ಹಿಂದಿ ಪೂರ್ತಿ ಸಿನಿಮಾ ಹಿಂದಿ; ಪ್ರೇಮಕ್ಕೂ ಸೇಡಿಗೂ ಸಾಕು, ಆಸ್ಪತ್ರೆಗೆ ಸಾಲದು. ಆದರೂ ಅರ್ಥವಾಯಿತು. ಕೇಲಾಂಗ್‌ನಲ್ಲಿ ಆಸ್ಪತ್ರೆ ಇದೆ, 100 ಕಿಲೋಮೀಟರಿಗೆ ಮೇಲೆ. ಅಮಾವಾಸ್ಯೆಗೆ ಎರಡೇ ದಿನ. ನನ್ನ ಲೆಕ್ಕದ ಕ್ಯಾಲೆಂಡರನ್ನು ಮನಸ್ಸಿನಲ್ಲೇ ಮಡಿಸಿಟ್ಟೆ. ಮನಾಲಿಗೆ ಖಾಲಿ ಹೋಗುತ್ತಿದ್ದ ಟ್ಯಾಕ್ಸಿಯೊಂದನ್ನು ದೀದಿಯೇ ಅಡ್ಡ ನಿಂತು ನಿಲ್ಲಿಸಿದರು. ಅದರಲ್ಲಿ ಆಮ್ಲಜನಕದ ಸಿಲಿಂಡರು ಇತ್ತು. ಎರಡು ಬೈಕಿನ ಕೀಲಿಯನ್ನೂ ದೀದಿಯ ಕೈಗಿಟ್ಟು ಹತ್ತಿದೆ.

ಬಾರಾಲಾಚಾದ ನೆತ್ತಿ ದಾಟಿ ಇಳಿಯುವಾಗ ಸಂಜೆಯಾಯಿತು. ಪಕ್ಕದಲ್ಲೇ ಸೂರಜ್ ತಾಲ್ ಸರೋವರ. ಬೆಟ್ಟದ ಒಂದು ಮೈಗೆ ಕುದಿಯುವ ಚಿನ್ನ, ಇನ್ನೊಂದು ಮೈ ಕಡುನೀಲಿ, ನಡುವೆ ಕನ್ನಡಿಯಂಥ ನೀರು. ಇಡೀ ಪ್ರಯಾಣದಲ್ಲಿ ಅಂಥ ಬೆಳಕು ಮತ್ತೆ ಸಿಗಲಿಲ್ಲ. ಕ್ಯಾಮರಾ ತೊಡೆಯ ಮೇಲೇ ಇತ್ತು. ನನ್ನ ಎರಡೂ ಕೈ ಹುಡುಗನ ಮೂಗಿನ ಮೇಲಿನ ಮಾಸ್ಕು ಹಿಡಿದಿದ್ದವು.

ಕೇಲಾಂಗ್‌ಗೆ ರಾತ್ರಿ ಬಂದೆವು. ಇನ್ನೊಂದು ರಾತ್ರಿ ಮೇಲಿದ್ದಿದ್ದರೆ ಹೇಳುವಂತಿರಲಿಲ್ಲ ಅಂದರು ಡಾಕ್ಟರು. ಅವನ ಮನೆಗೆ ಫೋನು ಮಾಡಿದೆ. ಅವರಪ್ಪ ಕೇಳಿದ ಮೊದಲ ಪ್ರಶ್ನೆ: "ಗೋವಾದಲ್ಲಿ ಏನಾಯ್ತು ಸ್ವಾಮೀ?" ಮಗ ಗೋವಾಕ್ಕೆ ಹೋಗಿದ್ದಾನೆ ಅಂತ ತಿಳಿದಿದ್ದರು ಪಾಪ! ಮರುದಿನವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಸಂಜೆಗೆ ಹುಡುಗ ಎದ್ದು ಕೂತು ಮೊಸರನ್ನ ಸಿಗುತ್ತಾ ಅಂದ. ಬದುಕಿಕೊಂಡ ಅಂತ ನನಗೆ ಆಗಲೇ ಖಾತ್ರಿಯಾಗಿದ್ದು. ಅವನಣ್ಣ ಬೆಂಗಳೂರಿಂದ ಹೊರಟಿದ್ದ. ನಾನು ಸರ್ಚುವಿನ ಕಡೆ ಹೋಗುವ ಲಾರಿ ಹತ್ತಿದೆ.

ಅಮಾವಾಸ್ಯೆಯ ರಾತ್ರಿ ದೀದಿಯ ಡೇರೆಯಲ್ಲೇ ಆಯಿತು. ಆಕಾಶದ ತುಂಬ ಮೋಡ. ಬೈಕು ಕಾದಿದ್ದಕ್ಕೆ ಒಂದು ಪೈಸೆ ಮುಟ್ಟಲಿಲ್ಲ ಆ ಹೆಣ್ಣುಮಗಳು. ರಾಜ್ಮಾ ಅನ್ನಕ್ಕೆ ಮಾತ್ರ ಸರಿಯಾಗಿ ಲೆಕ್ಕ ಹಾಕಿ ಇಸಕೊಂಡರು!

ಮುಂದಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 21 ತಿರುವಿನ ಗಾಟಾ ಲೂಪ್ಸ್, ಪಾಂಗ್, ಮೋರೆ ಬಯಲು, 17 ಸಾವಿರ ಅಡಿ ದಾಟಿದ ಟಂಗ್ಲಂಗ್ ಲಾ. ಅಲ್ಲಲ್ಲಿ ಜಾರ್ಖಂಡದಿಂದ ಬಂದ ಕೂಲಿಕಾರರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಡಾಂಬರು ಕಾಯಿಸುತ್ತಿದ್ದರು. ಹಾಡಿನಲ್ಲಿ ಬೈಕು ಜಾರುವ ಆ ನುಣುಪು ರಸ್ತೆ ಅವರು ಹಾಕಿದ್ದು. ಒಂದು ಹಾಡಿನಲ್ಲೂ ಅವರನ್ನು ನಾನು ಕಂಡಿಲ್ಲ. ಅವರದೊಂದು ಚಿತ್ರ ತೆಗೆದೆ. ಈಗ ನನ್ನ ಕೋಣೆಯ ಗೋಡೆಯ ಮೇಲಿದೆ.

ಆ ಎತ್ತರದ ಬೆಳಕಿನ ಬಗ್ಗೆ ಕ್ಯಾಮರಾ ಹುಚ್ಚಿರುವ ತಮ್ಮಂದಿರಿಗೆ ಒಂದು ಮಾತು. ಮಧ್ಯಾಹ್ನ ಅಲ್ಲಿ ಆಕಾಶ ಕಪ್ಪೆನಿಸುವಷ್ಟು ನೀಲಿ, ನೆರಳು ಮಸಿ. ಮುಖ ತೆಗೆದರೆ ಅರ್ಧ ಸುಟ್ಟು ಅರ್ಧ ಮುಳುಗುತ್ತೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೇ ಫೂಲ್'ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದು ಆ ಪ್ರಸಿದ್ಧ ಬೆಳಕಿನ ಕೋಲು ಮಾಡಿದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು ಅವರು. ಆದರೆ ಕನ್ನಡಿ ಹಿಡಿಯಲು ಆಳು ಬೇಕಲ್ಲ? ಒಂಟಿ ಮನುಷ್ಯನಿಗೆ ಕಾಯುವುದೊಂದೇ ದಾರಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಉಳಿದ ಹೊತ್ತು ಕ್ಯಾಮರಾ ಚೀಲದಲ್ಲಿರಲಿ.

ಲೇಹ್‌ನಲ್ಲಿ ಒಂದು ದಿನ ಸುಧಾರಿಸಿಕೊಂಡು, ಸಿಂಧೂ ನದಿಯ ಪಕ್ಕದಲ್ಲೇ 250 ಕಿಲೋಮೀಟರಿಗೆ ಮೇಲೆ ಓಡಿಸಿ, 17ರ ಸಂಜೆ ಹಾನ್ಲೆ ಸೇರಿದೆ. ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು. ಕತ್ತಲಾದ ಮೇಲೆ ಹಳ್ಳಿಯಲ್ಲಿ ಕಿಟಕಿಗೆಲ್ಲ ದಪ್ಪ ಪರದೆ, ಗಾಡಿಗಳಿಗೆ ಮಂದ ದೀಪ. ನಾನಿಳಿದುಕೊಂಡ ಮನೆಯ ಹುಡುಗಿ ಕೆಂಪು ಟಾರ್ಚು ಹಿಡಿದು ದಾರಿ ತೋರಿಸಿದಳು. ಬಿಳಿ ಬೆಳಕು ಕಂಡರೆ ಕಣ್ಣು ಕತ್ತಲನ್ನು ಮರೆತುಬಿಡುತ್ತೆ, ಮತ್ತೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು.

ಎಂಟೂವರೆಗೆ ತಲೆಯೆತ್ತಿದೆ. ಆಕಾಶಗಂಗೆ ದಕ್ಷಿಣದ ಬೆಟ್ಟದಿಂದೆದ್ದು ನೆತ್ತಿಯ ಮೇಲೆ ಹಾದು ಹೋಗಿತ್ತು, ಯಾರೋ ರಂಗೋಲಿಪುಡಿ ಚೆಲ್ಲಿದಂತೆ. ಸ್ಟ್ಯಾಂಡಿನ ಮೇಲೆ ಕ್ಯಾಮರಾ, 20 ಸೆಕೆಂಡು ತೆರೆದಿಟ್ಟರೆ ಒಂದು ಚಿತ್ರ. ಅದಕ್ಕೂ ಹೆಚ್ಚಾದರೆ ಭೂಮಿ ತಿರುಗುವುದರಿಂದ ಚುಕ್ಕೆ ಗೀಟಾಗುತ್ತೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ. ಮೂರು ಬ್ಯಾಟರಿಯನ್ನು ಬನಿಯನ್ನಿನೊಳಗೆ ಇಟ್ಟುಕೊಂಡು, ಒಂದು ಸತ್ತಾಗ ಇನ್ನೊಂದು ಹಾಕುತ್ತಾ, ಸತ್ತದ್ದನ್ನು ಎದೆಗವುಚಿ ಬದುಕಿಸುತ್ತಾ ಬೆಳಗಿನ ಜಾವದವರೆಗೂ ತಳ್ಳಿದೆ. ಬಾಟಲಿಯ ನೀರು ಕಲ್ಲಾಗಿತ್ತು.

ಬೆಟ್ಟದ ಮೇಲೆ ಗುಮ್ಮಟದ ಬಾಯಿ ತೆರೆದಿತ್ತು. ಮಧ್ಯರಾತ್ರಿಯ ಹೊತ್ತಿಗೆ ಅದು ಮೆಲ್ಲಗೆ ತಿರುಗಿದ್ದು ಚಿತ್ರದಲ್ಲಿ ಗೊತ್ತಾಗುತ್ತೆ. ಹೊಸಕೋಟೆಯಲ್ಲಿ ಯಾರೋ ಒಬ್ಬರು ಸ್ವೆಟರೂ ಇಲ್ಲದೆ ಕೂತು ಅದನ್ನು ತಿರುಗಿಸಿದ್ದಾರೆ! ನನಗೆ ಬೆರಳಿನ ತುದಿ ಎರಡು ವಾರ ಜೋಮು ಹಿಡಿದಿತ್ತು. 41 ಚಿತ್ರಗಳಲ್ಲಿ ಆರು ಚೆನ್ನಾಗಿ ಬಂದಿವೆ.

ಚಳಿಗಾಲಕ್ಕೆ ಮುಂಚೆ ಸರ್ಚುವಿನ ಡೇರೆಗಳನ್ನು ಕಿತ್ತುಬಿಡುತ್ತಾರೆ. ಕೆಎ-41ನ್ನು ದೀದಿಯ ತಮ್ಮ ಲಾರಿಗೆ ಹಾಕಿ ಮನಾಲಿಗೆ ಇಳಿಸಿದ. ಅಲ್ಲಿಂದ ಊರಿಗೆ ಬಂತು. ಮೊನ್ನೆ ಕೆಂಗೇರಿ ಉಪನಗರದ ಅವರ ಮನೆಗೆ ಹೋಗಿದ್ದೆ. ಆಕಾಶಗಂಗೆಯ ಚಿತ್ರವನ್ನು ಹುಡುಗ ಬಹಳ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಜಿಸ್ಪಾದಲ್ಲಿ ಎಷ್ಟ್ ದಿನ ಇರ್ಬೇಕು?" ಅಂದ.

"ಎರಡು ರಾತ್ರಿ" ಅಂದೆ.

ಒಳಮನೆಯಿಂದ ಅವರಪ್ಪ ಕೆಮ್ಮಿದರು.