ಬೆಕ್ಕಿಗೆ ಬಡಿಗೆ ಬೇಡ

ಜನವರಿಯ ಬೆಳಗು. ಆಳಂದದ ಒಂದು ಮನೆಯ ಪಡಸಾಲೆಯಲ್ಲಿ ಕೂತಿದ್ದೀರಿ. ಶಹಾಬಾದಿ ಪರಸಿ ಅಂಗಾಲಿಗೆ ಥಂಡಿ ಹೊಡೆಯುತ್ತಿದೆ. ಗೋಡೆಗುಂಟ ಹೊಸ ತೊಗರಿಯ ಚೀಲಗಳು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಚೀಲದ ಮೇಲೆ ಮಲಗಿದ್ದ ಪಟ್ಟೆ ಬೆಕ್ಕು ಎದ್ದು ಮೈಮುರಿಯುತ್ತದೆ, ಕೆಳಗಿಳಿದು ಮುಂಗಾಲೆರಡನ್ನೂ ಚೀಲಕ್ಕೆ ಊರಿ ಪರಪರ ಎಳೆಯುತ್ತದೆ. ಸೆಣಬಿನ ಎಳೆ ಕಿತ್ತು ನಾಲ್ಕು ಕಾಳು ಪರಸಿಯ ಮೇಲೆ ಉರುಳುತ್ತವೆ.

"ಬಂತ್ ನೋಡ್ ಮತ್ತ! ಬಡಗಿ ತಾ ಇಲ್ಲಿ," ಅತ್ತೆಯ ದನಿ.

"ಹೊಡಿಬ್ಯಾಡ್ರಿ ಅತ್ತಿ. ಹೊಡದ್ರ ನಮಗ ಅಂಜತದ, ಚೀಲಕ್ಕ ಅಂಜಂಗಿಲ್ಲ," ಅನ್ನುತ್ತಾಳೆ ಸೊಸೆ.

ಸೊಸೆಯ ಮಾತು ಸರಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಒಮ್ಮೆ ಬಾಯಿ ಸುಟ್ಟುಕೊಂಡದ್ದಕ್ಕೇ ಅದು ಹಾಲು ಕಂಡರೆ ಓಡುತ್ತಿತ್ತು. ಹೆದರಿಕೆಯನ್ನು ಬೆಕ್ಕು ಅಷ್ಟು ಬೇಗ ಕಲಿಯುತ್ತದೆ. ಬಡಿಗೆ ಎತ್ತಿದವರನ್ನು ಕಂಡರೆ ಓಡುತ್ತದೆ, ಅವರು ಹೊಲಕ್ಕೆ ಹೋದೊಡನೆ ಮತ್ತೆ ಚೀಲಕ್ಕೆ ಬರುತ್ತದೆ. ಪರಚುವುದು ಅದಕ್ಕೆ ಚೇಷ್ಟೆಯೂ ಅಲ್ಲ. ಉಗುರಿನ ಹಳೆಯ ಹೊರಪದರ ಕಳಚಬೇಕು, ಪಾದದ ಗ್ರಂಥಿಗಳಿಂದ ತನ್ನ ವಾಸನೆ ಉಳಿಸಬೇಕು. ಆದ್ದರಿಂದ ಪರಚುವುದನ್ನು ನಿಲ್ಲಿಸಲಾಗದು, ಅದರ ಜಾಗ ಬದಲಿಸಬಹುದು.

ಸೊಸೆ ಮಾಡಿದ್ದೂ ಅದನ್ನೇ. ಬೇವಿನ ಗೂಟಕ್ಕೆ ಹರಿದ ಗೋಣಿಚೀಲ ಬಿಗಿಯಾಗಿ ಸುತ್ತಿ, ಬೆಕ್ಕು ಮಲಗುವ ಜಾಗದ ಪಕ್ಕದಲ್ಲೇ ಅಲುಗದಂತೆ ನಿಲ್ಲಿಸಿದ್ದಾಳೆ. ಈಗ ನೋಡಿ. ಗೂಟದ ಬಳಿ ಬೆರಳಾಡಿಸುತ್ತಾಳೆ. ಬೆಕ್ಕು ಮೂಸುತ್ತದೆ, ಒಂದು ಕಾಲು ಎತ್ತಿ ಗೋಣಿಗೆ ಇಡುತ್ತದೆ. ಉಗುರು ತಾಗಿದ ಆ ಕ್ಷಣಕ್ಕೇ ನಾಲಿಗೆಯಿಂದ 'ಟಕ್' ಅನ್ನುತ್ತಾಳೆ, ಅದರ ಬೆನ್ನಿಗೇ ಬೇಯಿಸಿದ ಕೋಳಿಯ ಕಡಲೆ ಗಾತ್ರದ ಚೂರು. ಬೆಕ್ಕು ನುಂಗಿ, ಅವಳ ಮುಖ ನೋಡಿ, ಮತ್ತೆ ಕಾಲು ಎತ್ತುತ್ತದೆ. ಈ ಸಲ ಎರಡೂ ಕಾಲು. ತಡವಾಗಿ ಕೊಟ್ಟ ತುತ್ತು ಯಾವುದಕ್ಕೆ ಬಂತೆಂದು ಅದಕ್ಕೆ ತಿಳಿಯದು, ಕ್ಷಣ ಹಿಡಿಯುವುದೇ ಇಲ್ಲಿಯ ಕಸುಬು. ಚೂರಿಗೆ ಖಾರ, ಮಸಾಲೆ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನೇ ಒಡೆಯುವ ವಿಷ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಅಗುಳಿಯಿದ್ದ ಪೆಟ್ಟಿಗೆಗಳಲ್ಲಿ ಕೂಡಿಹಾಕಿ, ಹೊರಗೆ ಆಹಾರ ಇಟ್ಟು ಕಂಡದ್ದೂ ಇದೇ. ಫಲ ಸಿಕ್ಕ ಕೆಲಸವನ್ನು ಬೆಕ್ಕು ಮರುಮಾಡುತ್ತದೆ, ಬರಬರುತ್ತಾ ಇನ್ನಷ್ಟು ಬೇಗ.

ಇದೇ ಉಪಾಯ ಹಿಡಿದು ಅಫಜಲಪುರದ ಕಡೆ ಬನ್ನಿ. ಭೀಮೆಯ ಮೀನು ಮನೆಗೆ ಬಂದ ದಿನ ಬೆಕ್ಕು ಅಡಿಗೆಕಟ್ಟೆ ಹತ್ತದೆ ಇರುತ್ತದೆಯೇ? ಮೀನು ಮುಚ್ಚಿಡಿ, ಕಟ್ಟೆ ಒರೆಸಿ, ಪಕ್ಕದಲ್ಲೊಂದು ಸ್ಟೂಲು ಹಾಕಿ. ಸ್ಟೂಲಿನ ಮೇಲೆ ಕೂತಾಗ ಮಾತ್ರ ಚೂರು ಸಿಗಲಿ.

ಜೇವರ್ಗಿಯ ಮನೆಯಲ್ಲಿ ಇನ್ನೂ ನಸುಕು. ಬಾಗಿಲ ಹೊರಗೆ ಒಂದೇ ಸಮನೆ 'ಮ್ಯಾಂವ್'. ನಿದ್ದೆಗಣ್ಣಲ್ಲಿ ಎದ್ದು ಒಂದು ಬಟ್ಟಲು ಹಾಲು ಇಟ್ಟು ಮಲಗುವ ಯಜಮಾನರು ದಿನವೂ ಆ ಕೂಗಿಗೆ ಬಹುಮಾನ ಕೊಡುತ್ತಿದ್ದಾರೆ. ಹಾಲು ಎಷ್ಟೋ ದೊಡ್ಡ ಬೆಕ್ಕುಗಳಿಗೆ ಜೀರ್ಣವೂ ಆಗದು. ರಾತ್ರಿ ಮಲಗುವ ಮುಂಚೆ ಬೆಕ್ಕನ್ನು ದಾರದ ಹಿಂದೆ ಓಡಿಸಿ ಆಡಿಸಬೇಕು, ಆಮೇಲೆ ಊಟ. ಬೆಳಗಿನ ಊಟ ಅದು ಸುಮ್ಮನಿರುವಾಗ. ಮೊದಮೊದಲು ಕೂಗು ಇನ್ನೂ ಜೋರಾಗುತ್ತದೆ, ಮನೆಮಂದಿಯೆಲ್ಲ ಗಟ್ಟಿಯಾಗಿರಬೇಕು. ಐದನೆಯ ದಿನ ಅಜ್ಜಿ ಕರಗಿ ಹಾಲಿಟ್ಟರೆ, ಐದು ದಿನ ಕೂಗಬೇಕೆಂಬುದನ್ನೇ ಅದು ಕಲಿಯುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಚೊಕ್ಕವಾಗಿದ್ದ ಬೆಕ್ಕು ಏಕಾಏಕಿ ಕಂಡಕಂಡಲ್ಲಿ ಉಚ್ಚೆ ಹೊಯ್ದರೆ ಕಾಯಿಲೆಯೂ ಇರಬಹುದು. ಗಂಡು ಬೆಕ್ಕು ತಿಣುಕಿದರೂ ಹನಿ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವವೇ ಹೋದೀತು. ಆಗ ಚೂರು, ಗೂಟ ಎಲ್ಲ ಬಿಟ್ಟು ಅಂದೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ.