ಶರತ್ಕಾಲದ ದೀಪ, ಅಂಗಡಿಯ ಲೆಕ್ಕ

ಮಳೆಗಾಲ ಹಿಂದೆ ಸರಿದು ಶರದೃತು ಕಾಲಿಟ್ಟಾಗ ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲುಗಳಲ್ಲಿ ಭತ್ತವೂ ಕಬ್ಬೂ ತುಂಬಿ ನಿಲ್ಲುತ್ತವೆ. ನಾಗಮಂಗಲದ ಬೆದ್ದಲಿನಲ್ಲಿ ರಾಗಿ ತೆನೆಗಟ್ಟುತ್ತದೆ. ಕೃಷ್ಣರಾಜಪೇಟೆಯ ಅಂಗಡಿಬೀದಿಯಲ್ಲಿ ಹಬ್ಬದ ವ್ಯಾಪಾರ ಕಳೆಯೇರುತ್ತದೆ. ಕಾಲವು ತುಂಬಿಕೊಟ್ಟದ್ದನ್ನು ಮನುಷ್ಯನು ಹೇಗೆ ವಿನಿಯೋಗಿಸಬೇಕು? ಈ ಪ್ರಶ್ನೆಗೆ ಪ್ರತಿಯೊಂದು ನಾಡೂ ತನ್ನ ಹಬ್ಬದ ಮೂಲಕ ಉತ್ತರ ಹೇಳಿಕೊಂಡಿದೆ.

ದೂರದ ಹಾಲೆಂಡ್ ದೇಶದಲ್ಲಿ ನವೆಂಬರ್ ೧೧ ಸಂತ ಮಾರ್ಟಿನ್ನನ ಹಬ್ಬ. ಅಲ್ಲಿನ ಉತ್ತರದ ಪ್ರಾಂತಗಳಲ್ಲಿ ಸಂಜೆಯಾಗುತ್ತಲೇ ಮಕ್ಕಳು ಕೈದೀಪ ಹಿಡಿದು ಮನೆಮನೆಯ ಬಾಗಿಲಲ್ಲಿ ಹಾಡಿ ಸಿಹಿತಿಂಡಿಯನ್ನೂ ಕಿತ್ತಳೆಯನ್ನೂ ಪಡೆಯುತ್ತಾರೆ. ಹಿಂದೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯನ್ನು ಕೊರೆದು ಅದರೊಳಗೆ ದೀಪವಿಡುತ್ತಿದ್ದರು. ಈಗ ಕಾಗದದ ಗೂಡುಗಳೇ ಹೆಚ್ಚು. ಕಂದಮೂಲಗಳನ್ನು ವರ್ಜಿಸಿದ ಜೈನ ಗೃಹಸ್ಥನಿಗೆ ಗೆಡ್ಡೆಯ ದೀಪ ಒಗ್ಗದಿರಬಹುದು; ಆದರೆ ಅದರ ಹಿಂದಿನ ಕಥೆ ಮನನೀಯ. ನಾಲ್ಕನೆಯ ಶತಮಾನದ ರೋಮನ್ ಸೈನಿಕನಾದ ಮಾರ್ಟಿನ್, ನಗರದ ಹೆಬ್ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತಾನು ಹೊದ್ದಿದ್ದ ವಸ್ತ್ರವನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂದು ಐತಿಹ್ಯ. ಆದರೆ ಕೊಬ್ಬಿಸಿದ ಪಶುಗಳನ್ನು ಚಳಿಗಾಲಕ್ಕಾಗಿ ಕಡಿಯುತ್ತಿದ್ದುದೂ ಅದೇ ಮಾಸದಲ್ಲಿ. ಡಚ್ಚರ ಹಳೆಯ ಮಾತಿನಲ್ಲಿ ನವೆಂಬರಿಗೆ ‘ವಧೆಯ ತಿಂಗಳು’ ಎಂದೇ ಹೆಸರು. ಹೀಗೆ ಒಂದೇ ಋತುವಿನಲ್ಲಿ ದೀಪವೂ ಕತ್ತಿಯೂ ಜೊತೆಯಾಗಿದ್ದವು.

ಈ ಎರಡು ದಾರಿಗಳ ವಿವೇಚನೆ ಕನ್ನಡನಾಡಿನ ಜೈನರಿಗೆ ಹೊಸದಲ್ಲ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಆ ನವರಾತ್ರಿಯ ಅಷ್ಟಮಿಯೇ ಜೈನರಿಗೆ ಜೀವದಯಾಷ್ಟಮಿ. ಜನ್ನಕವಿಯು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಅರಸನೂ ಅವನ ತಾಯಿಯೂ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಕೈ ಕೊಲ್ಲದಿದ್ದರೂ ಸಂಕಲ್ಪವು ಕೊಂದಿತು ಎಂಬುದೇ ಅದರ ತಿರುಳು.

ಅನಂತರ ಬರುವುದು ದೀಪಾವಳಿ. ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ಮೋಕ್ಷಗಾಮಿಗಳಾದ ಅಮಾವಾಸ್ಯೆಯಿದು. ಅಂದೇ ಗೌತಮ ಗಣಧರರಿಗೆ ಕೇವಲಜ್ಞಾನ ಉದಯಿಸಿತು. ಆ ನಿರ್ವಾಣದ ನೆನಪಿಗಾಗಿ ದೀಪೋತ್ಸವ ನಡೆದು ಬಂದುದನ್ನು ಜಿನಸೇನಾಚಾರ್ಯರು ಕ್ರಿ.ಶ. ೭೮೩ರ ಹರಿವಂಶ ಪುರಾಣದಲ್ಲಿಯೇ ಹೇಳಿದ್ದಾರೆ. ಮಳೆ ನಿಂತ ಈ ದಿನಗಳಲ್ಲಿ ಹುಳುಹುಪ್ಪಟೆಗಳು ಬೆಳಕಿಗೆ ಮುತ್ತುತ್ತವೆ. ಆದುದರಿಂದ ಗಾಜಿನ ಮರೆಯುಳ್ಳ ದೀಪವೇ ಯತ್ನಾಚಾರಕ್ಕೆ ತಕ್ಕುದು. ಹೀಗಿರುವಲ್ಲಿ ಪಟಾಕಿಗೆ ಎಡೆಯೆಲ್ಲಿ? ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊಗೆ ಕಡಿಮೆಯಿರುವ ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶವಿತ್ತಿತು. ಕಾನೂನು ಹೊಗೆಯನ್ನು ಅಳೆಯಬಲ್ಲುದು. ಬೆದರಿದ ಹಕ್ಕಿಯ ಸಂಕಟವನ್ನು ಅಳೆಯುವ ಹೊಣೆ ಶ್ರಾವಕನ ಅಂತಃಕರಣದ್ದು.

ಬಹುತೇಕ ಶ್ರಾವಕರು ತಾವು ಪಟಾಕಿ ಸುಡುವುದಿಲ್ಲ. ಆದರೆ ಪೇಟೆಯ ವರ್ತಕನಿಗೆ ಇನ್ನೊಂದು ಪ್ರಶ್ನೆ ಉಂಟು: ಸುಡದವನು ಮಾರಬಹುದೆ? “ನಾನು ಮಾರದಿದ್ದರೆ ಪಕ್ಕದವನು ಮಾರುತ್ತಾನೆ” ಎಂಬ ಸಮಾಧಾನ ಸುಲಭ. ಅದು ವ್ಯಾಪಾರದ ಮಟ್ಟಿಗೆ ನಿಜವೂ ಹೌದು. ಮೂರು ದಿನಗಳ ಆ ಲಾಭದಿಂದಲೇ ಸಣ್ಣ ಅಂಗಡಿಯೊಂದರ ಸಾಲ ತೀರಬಹುದು. ಆದರೆ ಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ಪಕ್ಕದ ಅಂಗಡಿಯ ಪಾಪವನ್ನು ತೋರಿಸಿ ತನ್ನ ಖಾತೆಯನ್ನು ಅಳಿಸಿಕೊಳ್ಳುವ ವಿಧಾನವನ್ನು ಅದು ಹೇಳಿಲ್ಲ. ಲಾಭವನ್ನು ಬಿಡುವುದು ಕಷ್ಟ. ಕಷ್ಟವಾದುದರಿಂದಲೇ ಅದು ತ್ಯಾಗ. ಮಾರ್ಟಿನ್ ಕೊಟ್ಟದ್ದು ಪೆಟ್ಟಿಗೆಯಲ್ಲಿದ್ದ ಹಳೆಯ ಬಟ್ಟೆಯನ್ನಲ್ಲ, ಮೈಮೇಲಿದ್ದುದನ್ನು. ಕೊಟ್ಟ ಮೇಲೆ ಅವನಿಗೂ ಚಳಿಯಾಗಿರಲೇಬೇಕು. ಕೊಡುವವನಿಗೆ ಏನೂ ಕಡಿಮೆಯಾಗದ ದಾನವು ಪರಿಗ್ರಹವನ್ನು ಸಡಿಲಿಸದು.

ಬಸದಿಗಳ ಆಡಳಿತ ವರ್ಗಕ್ಕೂ ಇಲ್ಲಿ ಕರ್ತವ್ಯವಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಕೃಷ್ಣರಾಜಪೇಟೆಯ ಹೊಸಹೊಳಲಿನ ಪಾರ್ಶ್ವನಾಥ ಬಸದಿ, ಶ್ರೀರಂಗಪಟ್ಟಣದ ಆದಿನಾಥ ಬಸದಿ ಇವೆಲ್ಲ ಹಿಂದಿನವರು ತಮ್ಮ ಗಳಿಕೆಯಲ್ಲಿ ಪಾಲು ತೆಗೆದಿಟ್ಟುದರ ಸಾಕ್ಷಿಗಳು. ನಿರ್ವಾಣದ ಬೆಳಗ್ಗೆ ಲಾಡು ಸಮರ್ಪಿಸಿದ ಮೇಲೆ ಮಕ್ಕಳನ್ನು ಮರೆಯ ದೀಪಗಳೊಡನೆ ನೆರೆಯವರ ಮನೆಗಳಿಗೆ ಕಳುಹಿಸಬಹುದು. ಆದರೆ ಬೇಡಲು ಅಲ್ಲ, ಕೊಡಲು: ಒಂದು ಮನೆಗೆ ಧಾನ್ಯ, ಒಂದು ಮನೆಗೆ ಔಷಧಿ, ಇನ್ನೊಂದಕ್ಕೆ ಪುಸ್ತಕ. ಆಹಾರ, ಔಷಧ, ಶಾಸ್ತ್ರದಾನಗಳು ಹೀಗೆ ನೆರವೇರುತ್ತವೆ. ನಾಲ್ಕನೆಯದಾದ ಅಭಯದಾನವನ್ನು, ಪಟಾಕಿಯ ಸರಕನ್ನು ತರಿಸದೆ ಉಳಿದ ವರ್ತಕನು ಆಗಲೇ ಸಲ್ಲಿಸಿರುತ್ತಾನೆ. ಹೊಸ ವೀರನಿರ್ವಾಣ ಸಂವತ್ಸರದ ಲೆಕ್ಕದ ಪುಸ್ತಕಕ್ಕೆ ಇದಕ್ಕಿಂತ ಶುಭಕರವಾದ ಮೊದಲ ಬರಹ ಬೇರಿಲ್ಲ.