ಕುಂದಾದ್ರಿಯ ತಪ್ಪಲಿನಲ್ಲಿ

ತುಂಗಾತೀರದ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಮಾರ್ಗವು ಮಲೆನಾಡಿನ ರಮಣೀಯವಾದ ಮಾರ್ಗಗಳಲ್ಲೊಂದು. ಇಕ್ಕೆಲಗಳಲ್ಲಿಯೂ ಅಡಕೆಯ ತೋಟಗಳು, ನಡುನಡುವೆ ಗದ್ದೆಯ ಬಯಲು, ಅದರಾಚೆಗೆ ದಟ್ಟವಾದ ಕಾಡು. ಗುಡ್ಡೇಕೇರಿಯ ಬಳಿ ಕವಲೊಡೆಯುವ ದಾರಿಯು ಕುಂದಾದ್ರಿಗೆ ಹೋಗುತ್ತದೆ. ಸುತ್ತಣ ಕಾಡಿನ ಮೇಲೆ ತಲೆಯೆತ್ತಿ ನಿಂತಿರುವ ಈ ಕಲ್ಲುಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥನ ಬಸದಿಯೂ, ಬಂಡೆಗಳ ನಡುವೆ ನೀರು ನಿಂತ ಕೊಳವೂ ಉಂಟು. ಜೈನಾಚಾರ್ಯರಾದ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂದೂ, ಅವರಿಂದಲೇ ಬೆಟ್ಟಕ್ಕೆ ಈ ಹೆಸರು ಬಂದಿತೆಂದೂ ಪ್ರತೀತಿ.

2024ನೆಯ ಇಸವಿಯ ಆಷಾಢಮಾಸದಲ್ಲಿ ನಾವು ಈ ಪ್ರಾಂತಕ್ಕೆ ಹೋಗಿದ್ದೆವು. ಮಳೆಗಾಲದಲ್ಲಿ ಮಲೆನಾಡಿಗೆ ಹೊರಟವರನ್ನು ಕಂಡು ಬಯಲುಸೀಮೆಯವರು ನಗುವುದುಂಟು. ಆದರೆ ಮಳೆಯಿಲ್ಲದ ಆಗುಂಬೆಯನ್ನು ನೋಡುವುದು ಶ್ರುತಿಯಿಲ್ಲದ ಹಾಡನ್ನು ಕೇಳಿದಂತೆಯೇ ಸರಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ, ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಘಟ್ಟದ 14 ತಿರುವುಗಳೂ ಮಂಜಿನಲ್ಲಿ ಮುಳುಗಿದ್ದುವು. ಸೂರ್ಯಾಸ್ತವನ್ನು ನೋಡುವ ಸ್ಥಳದಲ್ಲಿ ನಿಂತ ನಮಗೆ ನಮ್ಮ ಕೊಡೆಯ ಅಂಚಿನ ಹೊರತು ಬೇರೇನೂ ಕಾಣಲಿಲ್ಲ.

ನಮ್ಮ ಬಿಡಾರವು ಬೆಟ್ಟದ ತಪ್ಪಲಿನ ಒಂದು ತೋಟದ ಮನೆಯಲ್ಲಿ. ಗೃಹಸ್ಥರು ನಮ್ಮ ಹಳೆಯ ಶಿಷ್ಯರು. ನಾವು ಹೋದ ಮರುದಿನವೇ ಗಾಳಿಗೆ ಮರಗಳು ಉರುಳಿ, ವಿದ್ಯುತ್ತಿನೊಡನೆ ಮನೆಗೆ ಬಂದಿದ್ದ ಅಂತರಜಾಲದ ತಂತಿಯೂ ಕಡಿದುಹೋಯಿತು. ಮೊಬೈಲಿಗೆ ಮನೆಯೊಳಗೆ ನೆಟ್‌ವರ್ಕ್ ಎಂಬುದು ಎಂದಿಗೂ ಇಲ್ಲ. ಒಂದೂವರೆ ಮೈಲಿ ನಡೆದು ದಿಣ್ಣೆಯನ್ನೇರಬೇಕು. ಆ ದಾರಿಯ ಹಳ್ಳವು ಉಕ್ಕಿ ಸಂಕವೇ ಮುಳುಗಿತ್ತು. ಇಂತಿರಲು, ಮನೆಯ ಹಿರಿಯ ಮಗಳು ಕಾಲೇಜಿನ ಪ್ರವೇಶಕ್ಕೆ ಕಳುಹಿಸಬೇಕಾದ ಅರ್ಜಿಗೆ ಅಂದಿನ ರಾತ್ರಿಯೇ ಕೊನೆಯ ಗಡುವು. ಅಂಕಪಟ್ಟಿಯ ಪ್ರತಿಯು ಅವಳ ಪೆನ್ ಡ್ರೈವಿನಲ್ಲಿ ಸಿದ್ಧವಾಗಿತ್ತು. ಕಳುಹಿಸುವ ದಾರಿ ಮಾತ್ರ ಇರಲಿಲ್ಲ. ತಂದೆಯು ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ಇವಳ ಒಂದು ವರ್ಷ ಹೊಳೆಗೆ ಹೋದ ಹಾಗೆಯೇ” ಎಂದರು. ಹುಡುಗಿಯು ಮಾತನಾಡಲಿಲ್ಲ.

ನಾವು ಪ್ರವಾಸದಲ್ಲಿ ಸಂಸ್ಕೃತ ಗ್ರಂಥಗಳನ್ನು ಓದುವುದಕ್ಕಾಗಿ ಒಂದು ಅಂಗೈಯಂತ್ರವನ್ನು ಒಯ್ಯುವ ರೂಢಿಯುಂಟು. ಅದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕದ ಹಲಗೆಗೆ ಪರದೆಯನ್ನೂ ಕೀಲಿಮಣೆಯನ್ನೂ ಜೋಡಿಸಿದ್ದು. ಅದನ್ನು ನಡೆಸುವುದು ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದು. ಜೊತೆಗೆ ನಮ್ಮ ಚೀಲದಲ್ಲಿ ಸಿಮ್ ಹಾಕಿದ ಯುಎಸ್‌ಬಿ ಮೋಡೆಮ್ ಒಂದಿತ್ತು. ಮೊಬೈಲಾದರೆ ನೆಟ್‌ವರ್ಕ್ ಹಿಡಿಯುವುದೂ ಬರೆಯುವುದೂ ಒಂದೇ ವಸ್ತು. ಅದನ್ನು ಮಳೆಯಲ್ಲಿ ಹಿಡಿದು ಅರ್ಜಿ ತುಂಬುವುದು ಹೇಗೆ? ಮೋಡೆಮ್ಮನ್ನಾದರೋ ಹೊರಗಿಟ್ಟು, ಪರದೆಯೊಡನೆ ನಾವು ಒಳಗಿರಬಹುದು. ಈ ಒಂದು ಭೇದವೇ ಅಂದು ನಮ್ಮ ಆಸರೆಯಾಯಿತು.

ಇದನ್ನು ನಡೆಸುವುದರಲ್ಲಿ ನಾಲ್ಕು ಮೆಟ್ಟಿಲುಗಳುಂಟು. ಮೊದಲನೆಯದು ಆತಿಥೇಯತ್ವ. ಸಣ್ಣ ಯಂತ್ರಗಳ ಯುಎಸ್‌ಬಿ ದ್ವಾರವು ಅನೇಕವೇಳೆ ಎರಡು ವೇಷಗಳನ್ನು ಧರಿಸುತ್ತದೆ: ದೊಡ್ಡ ಗಣಕದ ಮುಂದೆ ಅದು ಅತಿಥಿ, ಮೋಡೆಮ್ಮಿನ ಮುಂದೆ ಅದೇ ಆತಿಥೇಯನಾಗಬೇಕು. ಇದಕ್ಕೆ ಒಟಿಜಿ ಎಂಬ ಸಣ್ಣ ತಂತಿಯುಂಟು. ಮೈಕ್ರೋ ಯುಎಸ್‌ಬಿಯ ಇಂತಹ ತಂತಿಯೊಳಗೆ ಒಂದು ಮುಳ್ಳನ್ನು ಭೂತಂತಿಗೆ ಸೇರಿಸಿರುವುದರಿಂದಲೇ ಯಂತ್ರವು ತನ್ನ ಪಾತ್ರವನ್ನು ಅರಿಯುತ್ತದೆ.

ಎರಡನೆಯದು ಆಹಾರ. ಯುಎಸ್‌ಬಿ 2.0 ದ್ವಾರವು ಕೊಡಬೇಕಾದುದು 500 ಮಿಲಿಆಂಪಿಯರು. ದೂರದ ಗೋಪುರವನ್ನು ಕೂಗಿ ಕರೆಯಬೇಕಾದಾಗ ಮೋಡೆಮ್ಮಿನ ಹಸಿವು ಹೆಚ್ಚುತ್ತದೆ. ನಾವು ಉದ್ದನೆಯ ತಂತಿಯನ್ನು ಹಾಕಿದೊಡನೆ ಅದು ಬದುಕುವುದು, ಸಾಯುವುದು, ಮತ್ತೆ ಬದುಕುವುದು ಹೀಗೆ ಮಾಡುತ್ತಿತ್ತು. ತಂತಿಯ ಮೇಲಿನ ತುದಿಯಲ್ಲಿ ಒಂದು ಹಬ್ಬನ್ನಿಟ್ಟು, ಅದಕ್ಕೆ ಪವರ್ ಬ್ಯಾಂಕಿನಿಂದ ಪ್ರತ್ಯೇಕವಾಗಿ ವಿದ್ಯುತ್ತನ್ನು ಕೊಟ್ಟ ತರುವಾಯ ಆ ಚಂಚಲತೆಯು ನಿಂತಿತು.

ಮೂರನೆಯದು ರೂಪಾಂತರ. ಇಂತಹ ಮೋಡೆಮ್ಮುಗಳು ಮೊದಲು ತಾವು ಮೋಡೆಮ್ಮೆಂದು ಹೇಳಿಕೊಳ್ಳುವುದೇ ಇಲ್ಲ. ವಿಂಡೋಸ್ ಗಣಕಗಳಿಗೆ ಬೇಕಾದ ತಂತ್ರಾಂಶವನ್ನು ಹೊತ್ತ ಒಂದು ಸಿಡಿಯಂತೆ ನಟಿಸುತ್ತವೆ. ಲಿನಕ್ಸಿನಲ್ಲಿ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಉಪಕರಣವು ಒಂದು ಸಂದೇಶವನ್ನು ಕಳುಹಿಸಿ ಆ ವೇಷವನ್ನು ಕಳಚುತ್ತದೆ. ವ್ಯಾಕರಣದಲ್ಲಿ ಸ್ಥಾನಿಯು ಹೋಗಿ ಆದೇಶವು ಬರುವಂತೆ, ಸಿಡಿಯ ಗುರುತು ಹೋಗಿ ಜಾಲಸಾಧನದ ಗುರುತು ಬರುತ್ತದೆ. ಈ ಉಪಕರಣವನ್ನು ಊರಿನಲ್ಲಿಯೇ ಯಂತ್ರಕ್ಕೆ ಹಾಕಿಕೊಂಡು ಹೊರಡಬೇಕೆಂಬುದನ್ನು ವಾಚಕರು ಮರೆಯಬಾರದು. ಅಂತರಜಾಲವಿಲ್ಲದ ಕಡೆ ಅಂತರಜಾಲದ ಕೀಲಿಕೈಯನ್ನು ತರಿಸಿಕೊಳ್ಳುವುದೆಂತು? ಹಳೆಯ ಮೋಡೆಮ್ಮುಗಳಿಗೆ ಇದಾದ ಮೇಲೆ *99# ಎಂಬ ಸಂಖ್ಯೆಗೆ ಕರೆಮಾಡಬೇಕಾಗಿತ್ತು. ನಮ್ಮದು ತಾನೇ ಒಂದು ಪುಟ್ಟ ಜಾಲವಾಗಿ ನಿಂತಿತು. 192.168.8.1 ಎಂಬ ವಿಳಾಸದಲ್ಲಿ ಅದರ ಪುಟವನ್ನು ತೆರೆದು, ಸಿಮ್ಮಿಗೆ ತಕ್ಕ ಎಪಿಎನ್ ಹೆಸರನ್ನು ಬರೆದೆವು.

ನಾಲ್ಕನೆಯದು ಸ್ಥಳ, ಮಲೆನಾಡಿನಲ್ಲಿ ಇದೇ ಮುಖ್ಯ. ಯುಎಸ್‌ಬಿ 2.0 ತಂತಿಯನ್ನು 5 ಮೀಟರಿಗಿಂತ ಉದ್ದ ಎಳೆಯುವ ಹಾಗಿಲ್ಲ. ಅಷ್ಟರಲ್ಲಿಯೇ ಮೋಡೆಮ್ಮು ಅಟ್ಟದ ಕಿಂಡಿಯನ್ನು ದಾಟಿ ಹೊರಗೆ ಹೋಗಬೇಕಾಗಿತ್ತು. ಗೃಹಸ್ಥರು ಅಡಕೆ ಕೊಯ್ಯುವ ದೋಟಿಯ ತುಂಡೊಂದನ್ನು ತಂದರು. ಕೊಳೆರೋಗವು ತಗಲದಂತೆ ಅಡಕೆಯ ಗೊನೆಗೆ ಕಟ್ಟುವ ಪ್ಲಾಸ್ಟಿಕ್ಕಿನ ಕೊಟ್ಟೆಯನ್ನು ಹುಡುಗಿಯು ಮೋಡೆಮ್ಮಿಗೂ ಹಬ್ಬಿಗೂ ಕಟ್ಟಿದಳು. ಬಯಲು ತೆರೆದಿದ್ದ ದಿಕ್ಕಿಗೆ ದೋಟಿಯನ್ನು ಚಾಚಿ, ನಾವು ಪರದೆಯ ಮೇಲಿನ ಅಂಕಿಯನ್ನು ಓದುತ್ತ, “ಸ್ವಲ್ಪ ಬಲಕ್ಕೆ, ಇನ್ನೂ ಸ್ವಲ್ಪ” ಎನ್ನುತ್ತಿದ್ದೆವು. ಈ ಅಂಕಿಯು ಋಣಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಅಟ್ಟದೊಳಗೆ ಋಣ 118 ಇದ್ದುದು ಹೊರಗೆ ಋಣ 106ಕ್ಕೆ ಬಂದು ನಿಂತಿತು.

ರಾತ್ರಿ ಒಂಬತ್ತರ ಸುಮಾರಿಗೆ ಅರ್ಜಿಯ ಪುಟವು ಸಾಲುಸಾಲಾಗಿ ತೆರೆಯಿತು. ಲಾಟೀನಿನ ಬೆಳಕಿನಲ್ಲಿ ಹುಡುಗಿಯು ಹೆಬ್ಬೆರಳುಗಳಿಂದಲೇ ಎಲ್ಲವನ್ನೂ ತುಂಬಿದಳು. ಅಂಕಪಟ್ಟಿಯನ್ನು ಕಳುಹಿಸುವಾಗ ಎರಡು ಸಲ ಸಂಪರ್ಕವು ಕಡಿಯಿತು. ತಂದೆಯು ಕಿಂಡಿಯ ಬಳಿ ನೆನೆಯುತ್ತ ದೋಟಿಯನ್ನು ಅಲುಗದಂತೆ ಹಿಡಿದು ನಿಂತರು. ಮೂರನೆಯ ಸಲ ಸ್ವೀಕೃತಿಯ ಸಂಖ್ಯೆಯು ಬಂದಿತು. “ಅಜ್ಜಾ, ನಂಬರ್ ಬಂತು!” ಎಂದವಳೇ, ಯಂತ್ರವನ್ನು ನಂಬದೆ, ಅದನ್ನು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಳು. ಅಡುಗೆಮನೆಯಿಂದ ಬಿಸಿ ಕಷಾಯವು ಬಂದಿತು.

ಬೆಟ್ಟಗಾಡಿನವರು ಹಿಂದುಳಿಯುವುದು ಬುದ್ಧಿಯ ಕೊರತೆಯಿಂದಲ್ಲ. ಒಂದು ಗಡುವು, ಒಂದು ಮುಳುಗಿದ ಸಂಕ, ಒಂದು ಕಡಿದ ತಂತಿ ಇಷ್ಟೇ ಸಾಕು. ಅರ್ಜಿಗಳನ್ನೆಲ್ಲ ಅಂತರಜಾಲಕ್ಕೆ ಒಪ್ಪಿಸಿದವರು ಆಷಾಢದ ಮಲೆನಾಡನ್ನೂ ನೆನೆದು ಗಡುವನ್ನು ಗೊತ್ತುಮಾಡಿದರೆ ಲೇಸು. ಅಲ್ಲಿಯವರೆಗೆ, ಇಂತಹ ಊರಿನ ಪ್ರತಿ ಮನೆಯಲ್ಲಲ್ಲದಿದ್ದರೂ ಪ್ರತಿ ಕೇರಿಯಲ್ಲಿ ಒಂದು ಮೋಡೆಮ್ಮೂ, ಐದು ಮೀಟರು ತಂತಿಯೂ, ಅದನ್ನು ನಡೆಸಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇರಲಿ. ನಾವು ಹೊರಡುವ ಮುನ್ನ ಆ ನಾಲ್ಕು ಮೆಟ್ಟಿಲುಗಳನ್ನು ಹುಡುಗಿಗೆ ಬಾಯಿಪಾಠ ಮಾಡಿಸಿದೆವು. ಎರಡನೆಯ ಸಲಕ್ಕೇ ಅವಳು ತಪ್ಪಿಲ್ಲದೆ ಒಪ್ಪಿಸಿದಳು.